ಒಂದೇ ಪಾತಿ, ಹನ್ನೆರಡು ತಿಂಗಳು

ಮನೆಯ ಮುಂದೆ ಹತ್ತು ಹನ್ನೆರಡು ಅಡಿ ಮಣ್ಣು ಉಳಿಸಿಕೊಂಡವರ ಆಸೆ ಸಾಮಾನ್ಯವಾಗಿ ಒಂದೇ: ವರ್ಷದ ಯಾವ ದಿನ ನೋಡಿದರೂ ಆ ಪಾತಿಯಲ್ಲಿ ಏನಾದರೊಂದು ಅರಳಿರಬೇಕು. ಚೆಂಡುಹೂ, ಪೆಟೂನಿಯಾಗಳನ್ನು ಕಾಲಕಾಲಕ್ಕೆ ಕಿತ್ತು ಹೊಸ ಸಸಿ ಊರುತ್ತ ಹೋದರೆ ಇದು ಆಗುವ ಮಾತೇ. ಆದರೆ ಅದಕ್ಕೆ ಮಾಲಿ ಬೇಕು, ಮಾಲಿಗೆ ಸಂಬಳ ಬೇಕು, ತಿಂಗಳು ತಿಂಗಳು ಸಸಿ ಕೊಳ್ಳುವ ದುಡ್ಡು ಬೇಕು. ಇದಕ್ಕೆ ಬದಲಾಗಿ ತೋಟಗಾರಿಕೆಯ ಪುಸ್ತಕಗಳು ಬಹಳ ಕಾಲದಿಂದ ಇನ್ನೊಂದು ದಾರಿ ತೋರಿಸುತ್ತ ಬಂದಿವೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ನಿಲ್ಲುವ ಬಹುವಾರ್ಷಿಕ ಗಿಡಗಳ ನಡುವೆ ಗಡ್ಡೆಗಿಡಗಳನ್ನು ಸೇರಿಸಿ, ಒಂದರ ಸರದಿ ಮುಗಿಯುವ ಹೊತ್ತಿಗೆ ಇನ್ನೊಂದು ಎದ್ದಿರುತ್ತದೆ ಎಂಬುದು ಅದರ ಸಾರ.

ಈ ಸೂತ್ರ ಹುಟ್ಟಿದ್ದು ಹಿಮ ಬೀಳುವ ನಾಡುಗಳಲ್ಲಿ. ನಮ್ಮಲ್ಲಿ ಹಲವರು ಅದನ್ನು ಇಲ್ಲಿಯ ಮಣ್ಣಿಗೆ ಹಾಗೆಯೇ ಇಳಿಸಲು ಹೋಗಿ, ಎರಡನೆಯ ವರ್ಷಕ್ಕೆ ಕೊಳೆತ ಗಡ್ಡೆಗಳನ್ನು ಎಣಿಸುತ್ತ ಕೂರುತ್ತಾರೆ. ಸೂತ್ರ ಸುಳ್ಳಲ್ಲ. ಅದನ್ನು ಇಲ್ಲಿ ತಲೆಕೆಳಗು ಮಾಡಿ ಓದಬೇಕು, ಅಷ್ಟೆ.

ಮೊದಲು ಮೂಲದ ಲೆಕ್ಕ ನೋಡೋಣ. ಟ್ಯುಲಿಪ್, ಡ್ಯಾಫೊಡಿಲ್, ಕ್ರೋಕಸ್‌ಗಳು ಚಳಿ ಉಂಡು ಬದುಕುವ ಗಡ್ಡೆಗಳು. ಟ್ಯುಲಿಪ್ ಗಡ್ಡೆ ಸರಿಯಾಗಿ ಹೂಕಾಂಡ ಎತ್ತಬೇಕಾದರೆ ಸುಮಾರು 12ರಿಂದ 16 ವಾರ ತಣ್ಣನೆಯ ಮಣ್ಣಿನಲ್ಲಿ ಮಲಗಿರಬೇಕು. ಯುರೋಪಿನ ತೋಟಗಾರ ಅದನ್ನು ಹಿಮಕ್ಕೆ ಮುಂಚೆ ಊರುತ್ತಾನೆ. ಹಿಮ ಕರಗಿ ವಸಂತ ಬರುವಾಗ ಪಾತಿಯ ಬಹುವಾರ್ಷಿಕಗಳು ಇನ್ನೂ ಮಣ್ಣಿನಿಂದ ತಲೆ ಎತ್ತಿರುವುದಿಲ್ಲ, ಗಡ್ಡೆಗಳು ಆ ಖಾಲಿ ಜಾಗದಲ್ಲಿ ಅರಳಿ ಮುಗಿಸುತ್ತವೆ. ಆಮೇಲೆ ಒಂದು ಫಜೀತಿ ಉಂಟು. ಹೂವು ಉದುರಿದ ಮೇಲೂ ಗಡ್ಡೆಯ ಎಲೆಗಳನ್ನು ಕತ್ತರಿಸುವಂತಿಲ್ಲ, ಮುಂದಿನ ವರ್ಷದ ಹೂವಿಗೆ ಬೇಕಾದ ಪಿಷ್ಟವನ್ನು ಅವು ಆಗ ತಾನೇ ಕೂಡಿಹಾಕುತ್ತಿರುತ್ತವೆ. ಆರೇಳು ವಾರ ಅವು ಹಳದಿಯಾಗಿ, ಜೋತುಬಿದ್ದು, ಕಣ್ಣಿಗೆ ಹಿತವಲ್ಲದ ಹಾಗೆ ಒಣಗುತ್ತವೆ. ಆ ಹೊತ್ತಿಗೆ ಹೋಸ್ಟಾ, ಡೇಲಿಲಿ, ಜೆರೇನಿಯಂಗಳ ಹೊಸ ಎಲೆ ಹರಡಿ ಆ ಕುರೂಪವನ್ನು ಮುಚ್ಚುತ್ತದೆ. ಗಡ್ಡೆ ಮೊದಲು ಬರುತ್ತದೆ, ಬಹುವಾರ್ಷಿಕ ಹಿಂದಿನಿಂದ ಬಂದು ಅದರ ಹಾಸಿಗೆ ಮಡಚುತ್ತದೆ. ಪಶ್ಚಿಮದ ಮಿಶ್ರ ಪಾತಿಯ ಅಡಿಪಾಯವೇ ಇದು. ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಮನೆ ಮಾಡಿಕೊಂಡಿರುವ ಕನ್ನಡಿಗರು ಈ ಪಾಠವನ್ನು ಅಕ್ಷರಶಃ ಪಾಲಿಸಬಹುದು, ಅವರಿಗೆ ಈ ಲೇಖನದ ಉಳಿದ ಭಾಗ ಬೇಕಿಲ್ಲ.

ಅಲ್ಲಿಯೂ ಒಂದೇ ಪಾತಿ ವರ್ಷವಿಡೀ ಚೆನ್ನಾಗಿರಬಲ್ಲದೇ ಎಂಬ ಬಗ್ಗೆ ಎಲ್ಲರದೂ ಒಂದೇ ಅಭಿಪ್ರಾಯವಲ್ಲ. ಇಂಗ್ಲೆಂಡಿನ ಸರ್ರೆಯಲ್ಲಿ ಮನ್‌ಸ್ಟೆಡ್ ವುಡ್ ಎಂಬ ತೋಟ ಕಟ್ಟಿದ ಗರ್ಟ್ರೂಡ್ ಜೀಕಿಲ್ (1843–1932) ಈ ಆಸೆಯನ್ನೇ ಅನುಮಾನದಿಂದ ನೋಡಿದವರು. 1908ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ವಾದಿಸಿದ್ದು ಇದು: ಒಂದೊಂದು ಪಾತಿಯನ್ನು ಒಂದೊಂದು ಕಾಲಕ್ಕೆ ಮೀಸಲಿಡಿ, ಎಲ್ಲ ಕಾಲಕ್ಕೂ ಒಂದೇ ಪಾತಿ ಎಂದು ಹೊರಟರೆ ಯಾವ ಕಾಲಕ್ಕೂ ಅದು ಪೂರ್ತಿ ಚೆನ್ನಾಗಿರುವುದಿಲ್ಲ. ಅವರ ಮುಖ್ಯ ಪಾತಿ ಸುಮಾರು 200 ಅಡಿ ಉದ್ದ, 14 ಅಡಿ ಅಗಲ. ಅಷ್ಟು ದೊಡ್ಡದೂ ಅವರ ಲೆಕ್ಕದಲ್ಲಿ ಬೇಸಿಗೆಯ ನಡುವಿನಿಂದ ಅಕ್ಟೋಬರ್‌ವರೆಗೆ ಮಾತ್ರ. ಹಾಗೆಂದು ಆ ಮೂರು ತಿಂಗಳಲ್ಲಿ ಖಾಲಿ ಬಿಡುವ ಜಾಯಮಾನ ಅವರದಲ್ಲ. ಓರಿಯೆಂಟಲ್ ಪಾಪ್ಪಿ ಮುಗಿದು ಒಣಗಿದ ಜಾಗದ ಮೇಲೆ ಪಕ್ಕದ ಜಿಪ್ಸೋಫಿಲಾ ಮೋಡದಂತೆ ಹರಡಿಕೊಳ್ಳುವ ಹಾಗೆ ನೆಡುತ್ತಿದ್ದರು, ಜಿಪ್ಸೋಫಿಲಾ ಕಂದು ಬಣ್ಣಕ್ಕೆ ತಿರುಗಿದಾಗ ಅದರ ಮೇಲೆ ನಸ್ಟರ್ಷಿಯಂ ಬಳ್ಳಿಯನ್ನು ಹಬ್ಬಿಸುತ್ತಿದ್ದರು.

ಜೀಕಿಲ್ ಹೇಳಿದ್ದನ್ನು ಒಪ್ಪದೆ ಪಂಥ ಕಟ್ಟಿದವರು ಕ್ರಿಸ್ಟೋಫರ್ ಲಾಯ್ಡ್. ಈಸ್ಟ್ ಸಸೆಕ್ಸ್‌ನ ಗ್ರೇಟ್ ಡಿಕ್ಸ್‌ಟರ್ ಅವರ ಮನೆ. ಅಲ್ಲಿಯ ಉದ್ದನೆಯ ಪಾತಿಯಲ್ಲಿ ಪೊದೆ, ಬಹುವಾರ್ಷಿಕ, ಗಡ್ಡೆ, ಬಳ್ಳಿ, ಒಂದು ಋತುವಿನ ಸಸಿ ಎಲ್ಲವನ್ನೂ ಬೆರೆಸಿ, ಒಂದೇ ಅಂಗೈಯಗಲ ಮಣ್ಣಿನಿಂದ ಮೂರು ಸಲ ಹೂ ತೆಗೆಯುವ ಪ್ರಯೋಗವನ್ನು ಅವರು ಜೀವನವಿಡೀ ನಡೆಸಿದರು. 2006ರಲ್ಲಿ ತೀರಿಕೊಂಡರು, ಅದರ ಹಿಂದಿನ ವರ್ಷವಷ್ಟೇ ಸರದಿ ನೆಡುವಿಕೆಯ ಬಗ್ಗೆಯೇ ಒಂದು ಇಡೀ ಪುಸ್ತಕ ಪ್ರಕಟಿಸಿದ್ದರು. ನೋಡಿದವರೆಲ್ಲ ಬೆರಗಾಗುವ ಪಾತಿ ಅದು, ನಿಜ. ಆದರೆ ಅದರ ಹಿಂದೆ ಪಳಗಿದ ತೋಟಗಾರರ ಒಂದು ತಂಡವೇ ಇದೆ ಎಂಬುದನ್ನು ಪುಸ್ತಕ ಓದುವಾಗ ನಾವು ಮರೆಯುತ್ತೇವೆ. ಮೂರನೆಯ ಉತ್ತರ ಡಚ್ ವಿನ್ಯಾಸಕಾರ ಪಿಯೆಟ್ ಔಡಾಲ್ಫ್ ಅವರದು. ಹೂವಿಲ್ಲದ ಕಾಲವನ್ನು ಯಾಕೆ ಮುಚ್ಚಿಡಬೇಕು, ಒಣಗಿದ ಹುಲ್ಲು, ಬೀಜದ ತಲೆಗಳು, ಹಿಮ ಹಿಡಿದ ಕಾಂಡಗಳು ಕೂಡ ನೋಟವೇ ಅಲ್ಲವೇ ಎಂದರು ಅವರು. 2004ರಲ್ಲಿ ತೆರೆದ ಷಿಕಾಗೋದ ಲೂರಿ ಗಾರ್ಡನ್‌ನ ಬಹುವಾರ್ಷಿಕಗಳ ಜೋಡಣೆ ಅವರದೇ. ಅಲ್ಲಿ ಚಳಿಗಾಲದ ಕೊನೆಗೆ ಒಣಗಿದ ಗಿಡಗಳನ್ನೆಲ್ಲ ಸವರಿ ನೆಲ ಬೋಳಾಗುತ್ತದೆ. ಆ ಬೋಳು ವಾರಗಳಿಗಾಗಿ ಜಾಕ್ಲೀನ್ ವಾನ್ ಡರ್ ಕ್ಲೂಟ್ ಎಂಬ ಇನ್ನೊಬ್ಬ ಡಚ್ ತಜ್ಞೆ ಗಡ್ಡೆಗಳ ಪದರವನ್ನು ಸೇರಿಸಿದರು.

ಈ ಮೂವರ ಉತ್ತರಗಳಲ್ಲಿ ಜೀಕಿಲ್ ಅವರದಕ್ಕೆ ಬೆಂಗಳೂರಿನಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಾ ಮಾರ್ಗವಾಗಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜಿ. ಎಚ್. ಕ್ರುಂಬಿಗಲ್ ಲಾಲ್‌ಬಾಗಿನ ಹೊಣೆ ಹೊತ್ತರು. ಬೆಂಗಳೂರಿನ ರಸ್ತೆಗಳಲ್ಲಿ ಒಂದರ ನಂತರ ಒಂದು ಮರ ಹೂಬಿಡುವ ಹಾಗೆ ಸರದಿಯ ನೆಡುವಿಕೆಯನ್ನು ಯೋಚಿಸಿದವರೆಂಬ ಕೀರ್ತಿ ಅವರಿಗೆ ಸಲ್ಲುತ್ತದೆ. ಚಳಿ ಇಳಿಯುವಾಗ ಟಬೂಬಿಯಾ, ಅದರ ಬೆನ್ನಿಗೆ ಜಕರಾಂಡ, ಯುಗಾದಿಯ ಆಸುಪಾಸಿಗೆ ಹೊಂಗೆ, ಬೇಸಿಗೆ ಉರಿಯುವಾಗ ಗುಲ್‌ಮೊಹರ್, ಕಕ್ಕೆ, ಹೊಳೆದಾಸವಾಳ, ಮಳೆ ಮುಗಿಯುವ ಹೊತ್ತಿಗೆ ಆಕಾಶಮಲ್ಲಿಗೆ. ಇಲ್ಲಿ ಯಾವ ಒಂದು ರಸ್ತೆಯೂ ವರ್ಷವಿಡೀ ಅರಳುವುದಿಲ್ಲ, ಊರು ಅರಳುತ್ತದೆ. ಕಾಲವನ್ನು ಜಾಗದ ಮೇಲೆ ಹಂಚಿದ ಈ ಉಪಾಯ ಊರಿಗೆ ಸರಿ. ಮೂವತ್ತು–ನಲವತ್ತರ ಸೈಟಿನಲ್ಲಿ ಕಾಂಪೌಂಡಿನ ಪಕ್ಕ ನಾಲ್ಕಡಿ ಅಗಲ ಉಳಿದವನು ಕಾಲಕ್ಕೊಂದು ಪಾತಿ ಎಲ್ಲಿಂದ ತರಬೇಕು? ಅವನಿಗೆ ಲಾಯ್ಡ್ ಅವರ ದಾರಿಯೇ ಗತಿ, ಆದರೆ ಲಾಯ್ಡ್ ಅವರ ಗಡ್ಡೆಗಳು ಮಾತ್ರ ಬೇಡ.

ಯಾಕೆ ಬೇಡ ಎಂಬುದಕ್ಕೆ ಹವೆಯ ಲೆಕ್ಕವೇ ಸಾಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ಜನವರಿಯ ರಾತ್ರಿಗಳು ಸರಾಸರಿ 15, 16 ಡಿಗ್ರಿಯಷ್ಟೇ. ಟ್ಯುಲಿಪ್‌ಗೆ ಅದು ಚಳಿಯೇ ಅಲ್ಲ. ದೆಹಲಿಯ ಶಾಂತಿಪಥದಲ್ಲಿ ಫೆಬ್ರವರಿಯಲ್ಲಿ ಕಾಣುವ ಟ್ಯುಲಿಪ್‌ಗಳು ಬಹುಮಟ್ಟಿಗೆ ಹಾಲೆಂಡಿನಿಂದ ಬರುವ ಗಡ್ಡೆಗಳು. ಕೆಲವು ವಾರ ಅರಳುತ್ತವೆ, ಮರುವರ್ಷಕ್ಕೆ ಮತ್ತೆ ಹೊಸದು ತರಿಸಬೇಕು. ಅದು ಪ್ರದರ್ಶನವೇ ಹೊರತು ಬಹುವಾರ್ಷಿಕ ಪಾತಿಯಲ್ಲ. ಆನ್‌ಲೈನ್ ಅಂಗಡಿಗಳು ಬಣ್ಣಬಣ್ಣದ ಚಿತ್ರ ಹಾಕಿ ನಮ್ಮೂರಿಗೂ ಟ್ಯುಲಿಪ್ ಗಡ್ಡೆ ಕಳಿಸುತ್ತವೆ. ಕೊಳ್ಳುವವರು ಅದನ್ನು ಹೂಗುಚ್ಛ ಕೊಂಡ ಹಾಗೆ ಒಂದು ಸಲದ ಖರ್ಚೆಂದು ಬರೆದುಕೊಳ್ಳುವುದು ಒಳ್ಳೆಯದು.

ಟ್ಯುಲಿಪ್‌ನ ತವರು ಚಳಿಗಾಲ ಕಠಿಣವೂ ಬೇಸಿಗೆ ಒಣವೂ ಆದ ಮಧ್ಯ ಏಷ್ಯಾದ ಗುಡ್ಡಗಳು. ನಮ್ಮ ಕಾಲಚಕ್ರ ಅದಕ್ಕೆ ತದ್ವಿರುದ್ಧ: ಬೆಚ್ಚಗಿನ ತಿಂಗಳುಗಳಲ್ಲಿ ಮಳೆ, ತಂಪು ತಿಂಗಳುಗಳಲ್ಲಿ ಒಣ. ಇದೇ ಚಕ್ರ ಇರುವ ಇನ್ನೊಂದು ನಾಡು ಮೆಕ್ಸಿಕೋದ ಎತ್ತರದ ಪ್ರದೇಶ. ಡೇಲಿಯಾ ಅಲ್ಲಿಯದು, ಸುಗಂಧರಾಜವೂ ಅಲ್ಲಿಯದು. ಎರಡೂ ಕರ್ನಾಟಕಕ್ಕೆ ಬಂದು ಮನೆಮಗಳಂತೆ ನೆಲೆನಿಂತದ್ದು ಆಕಸ್ಮಿಕವಲ್ಲ. ದಕ್ಷಿಣ ಆಫ್ರಿಕಾ ಗಡ್ಡೆಗಳ ಗಣಿ ಎಂಬುದು ಪ್ರಸಿದ್ಧ, ಆದರೆ ಅಲ್ಲಿಯೂ ಎರಡು ಭಾಗ. ಪಶ್ಚಿಮದ ಕೇಪ್ ಸೀಮೆಯಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಅಲ್ಲಿಯ ಫ್ರೀಸಿಯಾದಂಥವು ನಮ್ಮ ಬಯಲಿನಲ್ಲಿ ನರಳುತ್ತವೆ. ಪೂರ್ವಭಾಗದಲ್ಲಿ ಬೇಸಿಗೆ ಮಳೆ. ಅಲ್ಲಿಂದ ಬಂದ ಅಗಾಪಾಂಥಸ್ ಬೆಂಗಳೂರು, ಮಡಿಕೇರಿಗಳಲ್ಲಿ ಹಸಿರಾಗಿ ನಿಲ್ಲುತ್ತದೆ. ಗಡ್ಡೆ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದರ ತವರಿನಲ್ಲಿ ಮಳೆ ಯಾವಾಗ ಎಂಬುದು.

ಮಲೆನಾಡಿನ ಹೆಂಗಸರಿಗೆ ಈ ಪಾಠ ಯಾರೂ ಹೇಳಿಕೊಡಬೇಕಿಲ್ಲ. ಶಿರಸಿ, ಸಾಗರ, ತೀರ್ಥಹಳ್ಳಿಯ ಕಡೆ ಡೇಲಿಯಾ ಎಂದರೆ ಯಾರಿಗೂ ಬೇಕಿಲ್ಲದ ಹೆಸರು, ಅಲ್ಲಿ ಅದು ಡೇರೆ ಹೂ. ಮುಂಗಾರಿನ ಮೊದಲ ಮಳೆಗಳಿಗೆ ಮಣ್ಣು ಹದವಾದಾಗ ಗಡ್ಡೆ ಊರುತ್ತಾರೆ, ಭಾರಿ ಮಳೆಯ ಸೀಮೆಗಳಲ್ಲಿ ಸೂರಂಚಿನಡಿ ಕೊಟ್ಟೆಗಳಲ್ಲಿ ನೆಡುವುದೂ ಉಂಟು, ಚೌತಿಯಿಂದ ನವರಾತ್ರಿಯವರೆಗೆ ಅಂಗಳ ತುಂಬುತ್ತದೆ. ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು ಒಣ ಮರಳಿನಲ್ಲೋ ಮಣ್ಣಿನಲ್ಲೋ ಹುದುಗಿಸಿ ನೆರಳಲ್ಲಿಟ್ಟರೆ ಮುಂದಿನ ಮಳೆಗಾಲದ ತನಕ ಚಿಂತೆಯಿಲ್ಲ. ಗಡ್ಡೆ ಬೇರ್ಪಡಿಸುವಾಗ ಹಳೆಯ ಕಾಂಡದ ಬುಡದ ಒಂದು ಕಣ್ಣಾದರೂ ಅಂಟಿಕೊಂಡಿರಬೇಕು. ಕಣ್ಣಿಲ್ಲದ ಗಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ಬಣ್ಣಗಳು ಊರಿಂದೂರಿಗೆ ಸಾಗುವುದು ಅಂಗಡಿಯಿಂದಲ್ಲ, ಮದುವೆ ಮುಂಜಿಗಳಿಗೆ ಹೋದಾಗ ಚೀಲದಲ್ಲಿ ಬರುವ ಗಡ್ಡೆಗಳಿಂದ. ಹಿತ್ತಿಲಿನಲ್ಲಿ ಕೆಸು, ಸುವರ್ಣಗಡ್ಡೆ, ಶುಂಠಿ, ಅರಿಶಿನಗಳನ್ನು ದಾಸವಾಳ, ಗೋರಂಟೆಗಳ ನಡುವೆ ಬೆಳೆಯುತ್ತ ಬಂದವರಿಗೆ ಗಡ್ಡೆ–ಬಹುವಾರ್ಷಿಕ ಮಿಶ್ರಣ ಹೊಸ ಫ್ಯಾಷನ್ನೂ ಅಲ್ಲ. ಹೂವಿನ ಪಾತಿಯ ಪುಸ್ತಕ ಬರೆಯುವವರು ಈ ಹಿತ್ತಿಲುಗಳತ್ತ ಕಣ್ಣು ಹಾಯಿಸದಿರುವುದು ನನಗೆ ಸೋಜಿಗ.

ಈಗ ತಲೆಕೆಳಗು ಮಾಡುವ ವಿಚಾರ. ಯುರೋಪಿನ ಪಾತಿಯಲ್ಲಿ ಚಳಿಗೆ ಎಲ್ಲವೂ ಮಲಗುತ್ತವೆ, ಮೊದಲು ಏಳುವುದು ಗಡ್ಡೆ. ನಮ್ಮ ಪಾತಿಯಲ್ಲಿ ಬಹುವಾರ್ಷಿಕಗಳು ಮಲಗುವುದೇ ಇಲ್ಲ. ಕನಕಾಂಬರ, ಪೆಂಟಾಸ್, ನಿತ್ಯಪುಷ್ಪ, ನೀಲಿ ಚಿತ್ರಮೂಲ ನೀರು ಕಂಡರೆ ಹನ್ನೆರಡು ತಿಂಗಳೂ ಹಸಿರು. ಮಲಗುವವು ಗಡ್ಡೆಗಳು ಮಾತ್ರ, ಅದೂ ಚಳಿಗಲ್ಲ, ಬರಕ್ಕೆ. ಅಂದರೆ ಇಲ್ಲಿ ಬಹುವಾರ್ಷಿಕಗಳು ಮನೆಯವರು, ಗಡ್ಡೆಗಳು ಮಳೆಯ ಜೊತೆ ಬರುವ ನೆಂಟರು. ಅಲ್ಲಿ ಬಹುವಾರ್ಷಿಕ ಗಡ್ಡೆಯ ಸಾವನ್ನು ಮುಚ್ಚಿದರೆ, ಇಲ್ಲಿ ಅದು ಗಡ್ಡೆಯ ಗೈರುಹಾಜರಿಯನ್ನು ಆರು ತಿಂಗಳು ಮುಚ್ಚಬೇಕು. ಗಡ್ಡೆಗಿಡ ಎದ್ದು ಬರುವಾಗ ಅದಕ್ಕೆ ದಾರಿಯನ್ನೂ ಬಿಡಬೇಕು. ಹಾಗಾಗಿ ಜೊತೆಗಾರ ಗಿಡ ತೀರಾ ಒತ್ತಾಗಿ ಚಾಪೆ ನೇಯುವಂಥದ್ದಾಗಬಾರದು. ಮೆಕ್ಸಿಕನ್ ಪೆಟೂನಿಯಾ ಎಂದು ಮಾರುವ ರುಯೆಲಿಯಾ, ವೆಡೀಲಿಯಾ ಇವೆರಡನ್ನೂ ಈ ಪಾತಿಯ ಹತ್ತಿರ ಬಿಡದಿರುವುದು ಕ್ಷೇಮ. ಎರಡು ಮಳೆಗಾಲದಲ್ಲಿ ಅವು ಮಿಕ್ಕೆಲ್ಲವನ್ನೂ ನುಂಗುತ್ತವೆ.

ನಮ್ಮ ಗಡ್ಡೆಗಳಿಗೆ ಇಂಗ್ಲಿಷ್ ತಿಂಗಳಿಗಿಂತ ಮಳೆನಕ್ಷತ್ರದ ಪಂಚಾಂಗವೇ ಹೆಚ್ಚು ಹೊಂದುತ್ತದೆ. ಮಳೆಗೆ ಮುಂಚೆ ಏಳುವವು ಕೆಲವು. ಅಮರಿಲ್ಲಿಸ್ ಎಂದೇ ಎಲ್ಲರೂ ಕರೆಯುವ ಹಿಪ್ಪಿಯಾಸ್ಟ್ರಮ್ ಮಾರ್ಚ್, ಏಪ್ರಿಲ್‌ನ ಬಿರುಬಿಸಿಲಿನಲ್ಲಿ ಕೆಂಪು ಕಹಳೆ ಎತ್ತುತ್ತದೆ, ಎಲೆ ಆಮೇಲೆ. ನೆಲಸಂಪಿಗೆಯದು ಇನ್ನೂ ವಿಚಿತ್ರ. ಎಲೆಯ ಸುಳಿವೇ ಇಲ್ಲದ ಬರಿ ನೆಲದಿಂದ ನೇರಳೆ ಬಿಳಿ ಹೂ ಎದ್ದು ಕೂರುತ್ತದೆ. ಕುರುಚಲು ಕಾಡಿನ ಅಡವಿ ಈರುಳ್ಳಿಯೂ ಇದೇ ಜಾತಕದ್ದು, ಬೋಳು ಕಾಂಡದ ಮೇಲೆ ಬೇಸಿಗೆಯಲ್ಲಿ ಹೂಬಿಟ್ಟು ಮಳೆ ಬಂದ ಮೇಲೆ ಎಲೆ ಬಿಡುತ್ತದೆ. ಭರಣಿ, ಕೃತ್ತಿಕೆಗಳ ಮಳೆ ಬಿದ್ದೊಡನೆ ಮೇ ಫ್ಲವರ್ ಅಥವಾ ಫುಟ್‌ಬಾಲ್ ಲಿಲ್ಲಿಯ ಕೆಂಪು ಚೆಂಡು ಸಿದ್ಧ. ವರ್ಷಕ್ಕೆ ಒಂದೇ ಸಲ, ಹತ್ತು ದಿನದ ವೈಭವ, ಆಮೇಲೆ ದೀಪಾವಳಿಯ ತನಕ ಚಂದದ ಅಗಲ ಎಲೆ. ಈ ಎಲೆಗಾಗಿಯೂ ಅದು ಬೆಲೆಬಾಳುತ್ತದೆ ಎಂಬುದನ್ನು ಹೂಪ್ರಿಯರು ಗಮನಿಸುವುದಿಲ್ಲ.

ರೇನ್ ಲಿಲ್ಲಿಗಳದು ನಿಯತ್ತಿನ ಜಾತಿಯಲ್ಲ. ಒಣಗಿದ ಮಣ್ಣಿಗೆ ಒಂದು ಜೋರು ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಸಾಲು ಸಾಲಾಗಿ ಅರಳುತ್ತವೆ. ಮಾವಿನ ಮಳೆಗೊಮ್ಮೆ, ಮೃಗಶಿರೆಗೊಮ್ಮೆ, ನಡುವೆ ಬಿಸಿಲು ಹೊಡೆದು ಮತ್ತೆ ಮಳೆ ಬಂದರೆ ಇನ್ನೊಮ್ಮೆ. ದಿನವೂ ಪೈಪ್ ಹಿಡಿಯುವವರ ಮನೆಯಲ್ಲಿ ಅವು ಎಲೆಯನ್ನೇ ಹೆಚ್ಚಿಸಿಕೊಂಡು ಸುಮ್ಮನಿರುತ್ತವೆ, ಒಣಗಿ ತೊಯ್ದರಷ್ಟೇ ಅವುಗಳಿಗೆ ಹುರುಪು. ಶ್ರಾವಣ, ಭಾದ್ರಪದಗಳು ತುಂಬಿದ ತಿಂಗಳು: ಡೇರೆ, ಸುರುಳಿ ಸುಗಂಧಿ, ಸುಗಂಧರಾಜ, ಗೌರಿಹಬ್ಬದ ಹೊತ್ತಿಗೆ ಬೇಲಿ ಹತ್ತಿ ಉರಿಯುವ ಅಗ್ನಿಶಿಖೆ. ಅಗ್ನಿಶಿಖೆಗೆ ಕಡ್ಡಿಯ ಆಧಾರ ಬೇಡ, ಎಲೆಯ ತುದಿಯೇ ಕೊಕ್ಕೆಯಾಗಿ ಪಕ್ಕದ ಪೊದೆಯನ್ನು ಹಿಡಿಯುತ್ತದೆ. ಮಿಶ್ರ ಪಾತಿಗೆಂದೇ ಹುಟ್ಟಿದ ಗಿಡ. ಅದರ ಗಡ್ಡೆ, ಬೀಜಗಳಲ್ಲಿರುವ ಕೋಲ್ಚಿಸಿನ್ ಪ್ರಾಣ ತೆಗೆಯುವಷ್ಟು ವಿಷ ಎಂಬುದು ಮಾತ್ರ ನೆನಪಿರಲಿ. ಗೆಣಸಿನ ಗಡ್ಡೆಯೆಂದು ತಿಂದು ಸತ್ತವರಿದ್ದಾರೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದು ಬೇಡ.

ಸ್ವಾತಿ ಮಳೆಯೊಂದಿಗೆ ಗಡ್ಡೆಗಳ ಹಂಗಾಮು ಮುಗಿಯಿತು. ಇಲ್ಲಿಂದ ಬಹುವಾರ್ಷಿಕಗಳ ಕೈಗೆ ಪಾತಿ ಹೋಗುತ್ತದೆ. ಹಗಲು ಚಿಕ್ಕದಾದೊಡನೆ ಮೊಗ್ಗು ಕಟ್ಟುವ ಸೇವಂತಿಗೆ ಕಾರ್ತಿಕದಿಂದ ಸಂಕ್ರಾಂತಿಯ ತನಕ ನಡೆಸುತ್ತದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊಲಗಳಲ್ಲಿ ಸಾಲು ದೀಪ ಉರಿಯುವುದು ನೋಡಿದವರಿಗೆ ಇದರ ಗುಟ್ಟು ಗೊತ್ತು, ಕತ್ತಲನ್ನು ಕಡಿಮೆ ಮಾಡಿ ರೈತರು ಮೊಗ್ಗನ್ನು ತಡೆದು ಹಬ್ಬದ ಮಾರುಕಟ್ಟೆಗೆ ಹೊಂದಿಸುತ್ತಾರೆ. ಮನೆಯ ಪಾತಿಯ ಪಕ್ಕದಲ್ಲಿ ರಾತ್ರಿಯಿಡೀ ಉರಿಯುವ ಬೀದಿದೀಪ ಇದ್ದರೆ ಸೇವಂತಿಗೆ ತಡವಾಗುವುದಕ್ಕೂ ಇದೇ ಕಾರಣ. ಅದರ ಜೊತೆಗೆ ಸ್ಫಟಿಕ. ನೀಲಿ, ಬಿಳಿ, ಗುಲಾಬಿ ಬಣ್ಣಗಳಲ್ಲಿ ಚಳಿಗಾಲವಿಡೀ ಹೂಬಿಡುವ ಈ ನಮ್ಮದೇ ಗಿಡವನ್ನು ಪಟ್ಟಣದ ನರ್ಸರಿಗಳು ಹಳ್ಳಿಯ ಹೂವೆಂದು ಬದಿಗಿಟ್ಟಿವೆ. ನನ್ನ ಮಟ್ಟಿಗೆ ಕರ್ನಾಟಕದ ಮಿಶ್ರ ಪಾತಿಗೆ ಒಂದೇ ಒಂದು ಬಹುವಾರ್ಷಿಕ ಆರಿಸಿ ಎಂದರೆ ಸ್ಫಟಿಕವನ್ನೇ ಆರಿಸುತ್ತೇನೆ. ಗಡ್ಡೆಗಳು ಮಲಗಿದ ತಿಂಗಳುಗಳಲ್ಲೇ ಅದರ ಹೂ, ನೀರು ಕಮ್ಮಿಯಾದರೂ ಗೊಣಗುವುದಿಲ್ಲ.

ಸೇವಂತಿಗೆ ಮುಗಿದು ಅಮರಿಲ್ಲಿಸ್ ಏಳುವವರೆಗಿನ ನಡುಗಾಲ, ಅಂದರೆ ಫೆಬ್ರವರಿ ಮತ್ತು ಮಾರ್ಚಿನ ಮೊದಲ ಭಾಗ, ಈ ಪಾತಿಯ ಅತ್ಯಂತ ಬಡ ದಿನಗಳು. ಯುರೋಪಿನವರ ಬಡ ತಿಂಗಳು ಜನವರಿ, ನಮ್ಮದು ಶಿವರಾತ್ರಿಯ ಆಸುಪಾಸು. ನೀರು ಹಾಯಿಸಿ ಬಲವಂತ ಮಾಡಬಹುದು, ಕುಂಡದ ಡೇಲಿಯಾ, ಗ್ಲಾಡಿಯೋಲಸ್ ತಂದು ಇಡಬಹುದು. ಗ್ಲಾಡಿಯೋಲಸ್ ಗಡ್ಡೆಯನ್ನು ನವೆಂಬರ್‌ನಿಂದ ಹದಿನೈದು ದಿನಕ್ಕೊಂದು ಕಂತು ಊರಿದರೆ ಮೂರು ತಿಂಗಳಿಗೆ ಸರದಿಯಾಗಿ ಹೂ ಬರುವುದೂ ನಿಜ. ಆದರೆ ಎಲ್ಲ ರಂಧ್ರವನ್ನೂ ಮುಚ್ಚಲೇಬೇಕೆಂಬ ಹಟ ನನಗೆ ಒಪ್ಪಿಗೆಯಿಲ್ಲ. ಆ ತಿಂಗಳು ಬೆಂಗಳೂರಿನವರು ಪಾತಿ ಬಿಟ್ಟು ತಲೆ ಎತ್ತಿ ಟಬೂಬಿಯಾ ನೋಡಿದರೆ ಕ್ರುಂಬಿಗಲ್ ಅವರಿಗೂ ಸಮಾಧಾನ.

ಹೂವಿನ ಸರದಿ ಜೋಡಿಸುವುದು ಕಾಗದದ ಮೇಲೆ ಮುಗಿಯುವ ಕೆಲಸ. ಪಾತಿಯನ್ನು ಕೆಡಿಸುವುದು ನೀರು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಪೆಂಟಾಸ್, ಕನಕಾಂಬರ, ಸೇವಂತಿಗೆಗಳಿಗೆ ನೀರು ಬೇಕೇ ಬೇಕು. ಅದೇ ತಿಂಗಳುಗಳಲ್ಲಿ ಅವುಗಳ ಬುಡದಲ್ಲಿ ಮಲಗಿರುವ ಅಗ್ನಿಶಿಖೆ, ಮೇ ಫ್ಲವರ್, ಕೆಲೇಡಿಯಂ, ನೆಲಸಂಪಿಗೆಗಳಿಗೆ ನೀರೇ ಶತ್ರು. ಎಲೆಯಿಲ್ಲದ ಗಡ್ಡೆ ನೀರನ್ನು ಕುಡಿಯಲಾರದು, ಒದ್ದೆ ಮಣ್ಣಿನಲ್ಲಿ ಸುಮ್ಮನೆ ಕೊಳೆಯುತ್ತದೆ. ಹೂವಿನ ಕಾಲ ನೋಡಿ ಜೋಡಿ ಮಾಡುವ ಪುಸ್ತಕಗಳು ಬಾಯಾರಿಕೆಯ ಕಾಲ ನೋಡಿ ಜೋಡಿ ಮಾಡುವುದನ್ನು ಹೇಳುವುದಿಲ್ಲ, ಅವು ಬರೆಯಲ್ಪಟ್ಟ ನಾಡಿನಲ್ಲಿ ಬಹುವಾರ್ಷಿಕವೂ ಗಡ್ಡೆಯೂ ಚಳಿಗಾಲದಲ್ಲಿ ಒಟ್ಟಿಗೇ ಮಲಗುತ್ತವಲ್ಲ.

ಪರಿಹಾರಗಳಿವೆ. ಮಲಗುವ ಗಡ್ಡೆಗಳನ್ನು ಬರ ತಾಳುವ ಸ್ಫಟಿಕ, ನಿತ್ಯಪುಷ್ಪಗಳ ಮಗ್ಗುಲಿಗೆ ಹಾಕಿ, ಬಾಯಾರಿಕೆಯ ಪೆಂಟಾಸ್, ಸೇವಂತಿಗೆಗಳನ್ನು ಎಂದೂ ಪೂರ್ತಿ ಮಲಗದ ಕಾಬಾಳೆ, ಸುರುಳಿ ಸುಗಂಧಿ, ಡೇಲಿಲಿ, ಅಗಾಪಾಂಥಸ್‌ಗಳ ಜೊತೆ ಇಡುವುದು ಮೊದಲನೆಯದು. ಹೀಗೆ ಮಾಡಿದರೆ ನಾಲ್ಕಡಿ ಪಾತಿಯೊಳಗೇ ಒಂದು ಒಣ ತುದಿ, ಒಂದು ತೇವದ ತುದಿ ಹುಟ್ಟುತ್ತದೆ. ಪಾತಿ ಸ್ವಲ್ಪ ಇಳಿಜಾರಿದ್ದರೆ ಅದು ತಾನೇ ಆಗುತ್ತದೆ. ಹನಿ ನೀರಾವರಿಯ ಪೈಪನ್ನು ಪಾತಿಯ ಉದ್ದಕ್ಕೂ ಎಳೆಯದೆ ತೇವದ ತುದಿಗಷ್ಟೇ ಬಿಡುವುದು ಇದಕ್ಕೆ ಪೂರಕ. ಇನ್ನೊಂದು ಉಪಾಯ, ಬೆಲೆಬಾಳುವ ಗಡ್ಡೆಯನ್ನು ಮಣ್ಣಿನ ಕುಂಡದಲ್ಲಿ ನೆಟ್ಟು ಕುಂಡವನ್ನೇ ಪಾತಿಯೊಳಗೆ ಹೂಳುವುದು. ಎಲೆ ಒಣಗಿದೊಡನೆ ಕುಂಡ ಎತ್ತಿ ಮೆಟ್ಟಿಲ ಕೆಳಗಿಟ್ಟರೆ, ಆ ಕುಳಿಗೆ ಸೇವಂತಿಗೆಯ ಕುಂಡ ಇಳಿಸಬಹುದು. ಜಾಗ ಕಡಿಮೆಯಿರುವ ನಗರದ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ, ನೋಡುವವರಿಗೆ ಕುಂಡ ಕಾಣುವುದೂ ಇಲ್ಲ.

ಮಳೆ ಹೆಚ್ಚಿರುವ ಕಡೆ ತಾಪತ್ರಯ ಬೇರೆ. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸುಮಾರು 970 ಮಿ.ಮೀ., ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಘಟ್ಟದ ಮೇಲೂ ಕರಾವಳಿಯಲ್ಲೂ ಒಂದಡಿ ಎತ್ತರದ ಏರುಮಡಿ ಮಾಡಿ, ಜಲ್ಲಿ, ಮರಳು ಬೆರೆಸದಿದ್ದರೆ ಸುಗಂಧರಾಜದಂಥವು ಆಷಾಢದಲ್ಲೇ ಕೊಳೆಯುತ್ತವೆ. ಅಲ್ಲಿ ಸುರುಳಿ ಸುಗಂಧಿ, ಕಾಬಾಳೆ, ಕೆಸುವಿನ ಜಾತಿಗಳು ನೆಮ್ಮದಿಯಾಗಿರುತ್ತವೆ. ಎಷ್ಟು ಆಳಕ್ಕೆ ಊರಬೇಕೆಂಬುದಕ್ಕೆ ಗಡ್ಡೆಯ ಎತ್ತರದ ಎರಡು ಮೂರು ಪಟ್ಟು ಎಂಬ ವಿದೇಶಿ ಸೂತ್ರವನ್ನೂ ಕಣ್ಣುಮುಚ್ಚಿ ನಂಬಬೇಡಿ. ಹಿಪ್ಪಿಯಾಸ್ಟ್ರಮ್ ಗಡ್ಡೆಯ ಕತ್ತು ಮಣ್ಣಿನ ಮೇಲೆ ಕಾಣುತ್ತಿರಬೇಕು. ಮೇ ಫ್ಲವರ್‌ನದೂ ಮೇಲಕ್ಕೇ ಇರಲಿ. ತೀರಾ ಮೇಲಕ್ಕೆ ನೆಟ್ಟ ಎಷ್ಟೋ ಗಡ್ಡೆಗಳನ್ನು ಅವುಗಳ ಬೇರುಗಳೇ ಕುಗ್ಗಿ ಕೆಳಗೆಳೆದು ತಮಗೆ ಬೇಕಾದ ಆಳಕ್ಕೆ ಸೇರಿಸಿಕೊಳ್ಳುತ್ತವೆ. ಆಳದಲ್ಲಿ ನೆಟ್ಟು ಕೊಳೆತದ್ದನ್ನು ಮೇಲೆತ್ತುವ ಶಕ್ತಿ ಯಾವ ಬೇರಿಗೂ ಇಲ್ಲ.

ಮಣ್ಣಿನೊಳಗಿನ ಇನ್ನೊಂದು ಜಗಳ ಹೆಚ್ಚಿನವರಿಗೆ ಗೊತ್ತಿಲ್ಲ. ಕನ್ನಡದ ಮನೆಗಳಿಗೆ ಅತಿ ಪ್ರಿಯವಾದ ಎರಡು ಹೂಗಳು, ಕನಕಾಂಬರ ಮತ್ತು ಸುಗಂಧರಾಜ, ನೋಡುವುದಕ್ಕೆ ಒಳ್ಳೆಯ ಜೋಡಿ: ಒಂದು ಗಿಡ್ಡ ಕಿತ್ತಳೆ, ಇನ್ನೊಂದು ಎತ್ತರದ ಬಿಳಿ. ಆದರೆ ಎರಡಕ್ಕೂ ಬೇರುಗಂಟು ಜಂತು ಬಾಧೆ ಕಟ್ಟಿಟ್ಟದ್ದು. ಒಂದರ ಬೇರಿನಲ್ಲಿ ಬೆಳೆದ ಜಂತು ಇನ್ನೊಂದಕ್ಕೆ ನಡೆದು ಹೋಗುತ್ತದೆ, ಎರಡು ಮೂರು ವರ್ಷದಲ್ಲಿ ಪಾತಿ ಮಂಕಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಶೃಂಗಾರ್ ಎಂಬ ಸುಗಂಧರಾಜದ ತಳಿ ಈ ಜಂತನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ದೀರ್ಘಕಾಲ ಹೂಬಿಡುವ ಅರ್ಕಾ ನಿರಂತರ ಕೂಡ ಅದೇ ಸಂಸ್ಥೆಯದು. ನೆಡುವ ಮೊದಲು ಬೇವಿನ ಹಿಂಡಿ ಹಾಕುವುದು, ಆ ಜಾಗದಲ್ಲಿ ಒಂದು ಹಂಗಾಮು ಚೆಂಡುಹೂ ಬೆಳೆದು ಬಿಡುವುದು ಹಳೆಯ ಮದ್ದುಗಳು, ಈಗಲೂ ಕೆಲಸ ಮಾಡುತ್ತವೆ. ಸುಗಂಧರಾಜದ ಒಂದು ಗಡ್ಡೆ ಹೂ ಕೊಡುವುದು ಒಂದೇ ಸಲ, ಆಮೇಲೆ ಅದರ ಸುತ್ತಲಿನ ಮರಿಗಳ ಸರದಿ. ಮೂರು ವರ್ಷಕ್ಕೊಮ್ಮೆ ಗುಂಪನ್ನು ಅಗೆದು ಮರಿ ಬೇರ್ಪಡಿಸದಿದ್ದರೆ ಬರೀ ಹುಲ್ಲಿನಂಥ ಎಲೆ ಉಳಿಯುತ್ತದೆ.

ಮೇಲಿನ ಶತ್ರುಗಳಲ್ಲಿ ಮಲೆನಾಡಿಗೆ ಮುಳ್ಳುಹಂದಿ, ಕಾಡುಹಂದಿ. ಡೇರೆ ಗಡ್ಡೆ ಅವಕ್ಕೆ ಗೆಣಸಿನಷ್ಟೇ ರುಚಿ. ಅಮರಿಲ್ಲಿಸ್ ಕುಟುಂಬದ ಗಡ್ಡೆಗಳಲ್ಲಿ ಲೈಕೊರಿನ್ ಎಂಬ ಕಹಿ ವಿಷ ಇರುವುದರಿಂದ ಅವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕಾಡಂಚಿನ ಮನೆಯವರು ರೇನ್ ಲಿಲ್ಲಿ, ಮೇ ಫ್ಲವರ್, ಕ್ರೈನಮ್‌ಗಳನ್ನು ಪಾತಿಯ ಹೊರ ಅಂಚಿಗೆ ನೆಟ್ಟರೆ ತಕ್ಕಮಟ್ಟಿಗೆ ಕಾವಲು. ಆದರೆ ಆ ವಿಷಕ್ಕೂ ಜಗ್ಗದ ಒಂದು ಹುಳ ಇದೆ. ಕಪ್ಪು ಮೈಗೆ ಬಿಳಿ, ಕೆಂಪು ಚುಕ್ಕೆಯ ಲಿಲ್ಲಿ ಪತಂಗದ ಹುಳು ಮಳೆಗಾಲದಲ್ಲಿ ಅಗ್ನಿಶಿಖೆಯನ್ನೂ ಲಿಲ್ಲಿಗಳನ್ನೂ ಒಂದೆರಡು ರಾತ್ರಿಯಲ್ಲಿ ಬೋಳಿಸುತ್ತದೆ. ಕೈಯಿಂದ ಹೆಕ್ಕುವುದೇ ಸರಿಯಾದ ಉಪಾಯ. ಹಗಲಲ್ಲೇ ರಾಜಾರೋಷವಾಗಿ ಕೂರುವುದರಿಂದ ಹುಡುಕುವ ಕಷ್ಟವೂ ಇಲ್ಲ. ಆಫ್ರಿಕನ್ ದೈತ್ಯ ಬಸವನಹುಳು ಬಂದ ಊರುಗಳಲ್ಲಂತೂ ಎಳೆ ಚಿಗುರು ಉಳಿಸಿಕೊಳ್ಳುವುದೇ ಕೆಲಸ.

ಗುದ್ದಲಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಲಗಿದ ಗಡ್ಡೆಗಳಿಗೆ ಹಂದಿಗಿಂತ ಹೆಚ್ಚು ಹಾನಿ ಮಾಡುವುದು ಬೇಸಿಗೆಯಲ್ಲಿ ಪಾತಿ ಹಸನು ಮಾಡಲು ಬರುವ ಆಳಿನ ಗುದ್ದಲಿ. ಖಾಲಿ ಕಂಡ ಜಾಗವೆಲ್ಲ ಅವನಿಗೆ ಅಗೆಯಬೇಕಾದ ಜಾಗ. ಪ್ರತಿ ಗಡ್ಡೆಯ ಪಕ್ಕ ಒಂದು ಬಿದಿರ ಕಡ್ಡಿ ಚುಚ್ಚಿ ಹೆಸರು ಬರೆದಿಡುವುದು, ಇಲ್ಲವೇ ಪಾತಿಯನ್ನು ಅಗೆಯುವುದನ್ನೇ ಬಿಟ್ಟು ಕೊಟ್ಟಿಗೆ ಗೊಬ್ಬರ, ತರಗೆಲೆಗಳನ್ನು ಮೇಲೆ ಹೊದಿಸುತ್ತ ಹೋಗುವುದು. ಎರಡನೆಯದು ಗಿಡಗಳಿಗೂ ಸೊಂಟಕ್ಕೂ ಹಿತ.

ಇಷ್ಟೆಲ್ಲ ಹೇಳಿದ ಮೇಲೆ ಉಳಿಯುವ ದೊಡ್ಡ ಕೊರತೆ ಗಿಡಗಳದೇ. ಲಾಲ್‌ಬಾಗಿನ ಪಕ್ಕದ ಸಿದ್ಧಾಪುರದ ನರ್ಸರಿ ಸಾಲಿನಲ್ಲಿ ಅಮರಿಲ್ಲಿಸ್, ರೇನ್ ಲಿಲ್ಲಿ, ಸಯಾಮ್ ಟ್ಯುಲಿಪ್ ಎಂಬ ಹೆಸರಿನ ಥಾಯ್ ಅರಿಶಿನ ಸಿಗುತ್ತವೆ. ನಮ್ಮದೇ ಘಟ್ಟದ ಕಾಡು ಅರಿಶಿನ, ಮೊದಲ ಮಳೆಗೆ ಬಯಲಲ್ಲಿ ಬಿಳಿಯಾಗಿ ಅರಳುವ ಪಾಂಕ್ರೇಷಿಯಂ, ಅಡವಿ ಈರುಳ್ಳಿ ಕೇಳಿದರೆ ಹೆಚ್ಚಿನವರು ಮುಖ ನೋಡುತ್ತಾರೆ. ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಗೆ ಮಳೆಗಾಲದಲ್ಲಿ ಬಸ್ಸು ಮಾಡಿಕೊಂಡು ಹೋಗುವವರು ನೋಡುವುದು ಇಂಥವನ್ನೇ. ಮೊದಲ ಮಳೆಗೆ ಗಡ್ಡೆಗಳು, ಅವುಗಳ ನಡುವೆ ಆಮೇಲೆ ಪುಟ್ಟ ಗಿಡಗಳು ವಾರ ವಾರಕ್ಕೆ ಬಣ್ಣ ಬದಲಿಸುವ, ಯಾರೂ ನೆಡದ ಮಿಶ್ರ ಪಾತಿ ಅದು. ಅಲ್ಲಿಂದ, ಅಥವಾ ನಮ್ಮ ಗುಡ್ಡಗಳಿಂದ, ಕಿತ್ತು ತರುವುದು ಮಾತ್ರ ಸಲ್ಲದು. ಔಷಧಿಗಾಗಿ ಅಗೆದು ಅಗೆದು ಅಗ್ನಿಶಿಖೆ ಎಷ್ಟೋ ಬೇಲಿಗಳಿಂದ ಈಗಾಗಲೇ ಮಾಯವಾಗಿದೆ.

ಬೀಜದಿಂದ ಬೆಳೆಸಬಹುದು. ಆದರೆ ಗಡ್ಡೆಗಿಡದ ಬೀಜ ಮೊಳೆತು, ಗಡ್ಡೆ ಹೂಬಿಡುವ ಗಾತ್ರಕ್ಕೆ ಬರಲು ಹಲವು ಮಳೆಗಾಲ ಹಿಡಿಯುತ್ತದೆ. ಆರು ವಾರದಲ್ಲಿ ಸಸಿ ಮಾರಿ ದುಡ್ಡು ಎಣಿಸಬೇಕಾದ ಖಾಸಗಿ ನರ್ಸರಿ ಅಷ್ಟು ಕಾಯಲಾರದು. ತೋಟಗಾರಿಕೆ ಇಲಾಖೆಯ ಕ್ಷೇತ್ರಗಳಿಗೆ, ಬಾಗಲಕೋಟೆ, ಶಿವಮೊಗ್ಗಗಳ ವಿಶ್ವವಿದ್ಯಾಲಯಗಳಿಗೆ ಕಾಯುವ ಭೂಮಿಯೂ ಇದೆ, ವ್ಯವಧಾನವೂ ಇದೆ. ಲಾಲ್‌ಬಾಗಿನ ಎರಡು ಫಲಪುಷ್ಪ ಪ್ರದರ್ಶನಗಳಲ್ಲಿ ಆಗಸ್ಟಿನದು ನಮ್ಮ ಗಡ್ಡೆಗಳು ಉಚ್ಛ್ರಾಯದಲ್ಲಿರುವಾಗಲೇ ಬರುತ್ತದೆ. ಅಲ್ಲಿ ಗಾಜಿನ ಮನೆಯ ಹೂವಿನ ಗೋಪುರಗಳ ಹೊರಗೆ, ನಾಲ್ಕಡಿ ಅಗಲದ ಒಂದು ಪಾತಿಯಲ್ಲಿ ಕಾಡು ಅರಿಶಿನವನ್ನೂ ಅಗ್ನಿಶಿಖೆಯನ್ನೂ ಸ್ಫಟಿಕದ ಜೊತೆ ನೆಟ್ಟು, ಪಕ್ಕದಲ್ಲಿ ಸಾಕಿದ ಗಡ್ಡೆ ಮಾರಾಟಕ್ಕಿಟ್ಟರೆ ಕೊಳ್ಳುವವರಿದ್ದಾರೆ.